ಪದವಿನಡಿಯ ಮೆಟ್ಟಿಲು: ಮಂಗಳೂರಿನಲ್ಲಿ ಭೂಕಂಪನ ಪ್ರತಿಫಲನ ಸಮೀಕ್ಷೆ ದಾರಿ ತಪ್ಪಿದಾಗ ಏನು ಹುಡುಕಬೇಕು

ನೆಲಕ್ಕೆ ಪೆಟ್ಟು ಕೊಟ್ಟು, ಅಡಿಯ ಪದರಗಳಿಂದ ತಿರುಗಿ ಬಂದ ಅಲೆಗಳನ್ನು ಕೇಳಿ ನೆಲದಡಿಯ ಚಿತ್ರ ಬಿಡಿಸುವುದೇ ಭೂಕಂಪನ ಪ್ರತಿಫಲನ ಸಮೀಕ್ಷೆ. ಬೋಂದೆಲ್ ಕಡೆಯ ಪದವಿನಿಂದ (ಗುಡ್ಡದ ಮೇಲಿನ ಸಪಾಟು ನೆಲದಿಂದ) ಹೊರಟು ಕೂಳೂರಿನ ಹೊಳೆಬದಿಗೆ ಇಳಿಯುವಂತೆ ಜಿಯೋಫೋನ್ (ನೆಲದ ಕಂಪನ ಹಿಡಿಯುವ ಸಾಧನ) ಸಾಲು ಹಾಕಿ, ಸುತ್ತಿಗೆಯಿಂದಲೋ ತೂಕ ಬೀಳಿಸುವ ಯಂತ್ರದಿಂದಲೋ ನೆಲಕ್ಕೆ ಪೆಟ್ಟು ಕೊಟ್ಟು, ಮೊದಲ ಸುತ್ತಿನ ಸಂಸ್ಕರಣೆ ಮುಗಿಸಿ ನೋಡಿ. ಇಳಿಜಾರಿನ ನೇರ ಕೆಳಗೆ ಅಡಿಬಂಡೆ ಮೆಟ್ಟಿಲಿನಂತೆ ಕತ್ತರಿಸಿಕೊಂಡು ಕಂಡರೆ ಆಶ್ಚರ್ಯವಿಲ್ಲ. ನೋಡಿದವರಿಗೆ ಖುಷಿ. ಸ್ತರಭಂಗ (ಬಂಡೆ ಸೀಳಿ ಜರುಗಿದ ಜಾಗ) ಸಿಕ್ಕಿತು ಎಂದು ಕೆಂಪು ಗೆರೆ ಎಳೆದು ವರದಿಗೆ ಸೇರಿಸುತ್ತಾರೆ. ಈ ಊರಿನ ನೆಲ ಬಲ್ಲವರು ಆ ಗೆರೆಯನ್ನು ಮೊದಲು ಸಂಶಯದಿಂದಲೇ ನೋಡಬೇಕು. ಇಂಥ ಮೆಟ್ಟಿಲು ಬಂಡೆಯಲ್ಲಿ ಇರುವುದಕ್ಕಿಂತ ಮೇಲಿನ ಮೂವತ್ತು ಮೀಟರ್ ಮಣ್ಣಿನಲ್ಲೋ ಎತ್ತರದ ಲೆಕ್ಕದಲ್ಲೋ ಕೇಬಲಿನಲ್ಲೋ ಇರುವ ಸಾಧ್ಯತೆ ಜಾಸ್ತಿ.

ಅದಕ್ಕೇ ಈ ಬರಹ ತಂತಿಯಿಂದ ಶುರುವಾಗಿ ಬಂಡೆಯಲ್ಲಿ ಮುಗಿಯುತ್ತದೆ. ಅವಸರವಿರುವವರು ಮಧ್ಯದ್ದನ್ನು ಬಿಟ್ಟು ಮೆಟ್ಟಿಲಿನ ಭಾಗಕ್ಕೇ ಹೋಗಬಹುದು. ಆದರೆ ಕೇಬಲ್ ಸರಿ ಇಲ್ಲದವರಿಗೆ ಅಲ್ಲಿ ಹೇಳಿದ ಪರೀಕ್ಷೆಗಳು ನಡೆಯುವುದಿಲ್ಲ.

ಇಲ್ಲಿ ಏನು ಕಾಣಬೇಕು, ಏನು ಕಾಣಬಾರದು

ಪದವುಗಳ ಮೇಲೆ ಮುರಕಲ್ಲಿನ (ಲ್ಯಾಟರೈಟ್ ಕೆಂಪುಕಲ್ಲಿನ) ಗಟ್ಟಿ ಹೊದಿಕೆ. ಅದರಡಿ ಬಿಳಿ, ಹಳದಿ, ನೇರಳೆ ಬಣ್ಣ ಬೆರೆತ ಶೇಡಿ ಮಣ್ಣು. ಅದರಡಿ ಅರ್ಧ ಕೊಳೆತ ಬಂಡೆ, ಕೊನೆಗೆ 250 ಕೋಟಿ ವರ್ಷಕ್ಕೂ ಹಳೆಯದಾದ ನೈಸ್ ಜಾತಿಯ ಕಗ್ಗಲ್ಲು. ನೇತ್ರಾವತಿ ಮತ್ತು ಗುರುಪುರ ಹೊಳೆಗಳ ಬದಿಯಲ್ಲಿ, ಬೆಂಗ್ರೆ, ತಣ್ಣೀರುಬಾವಿ ಕಡೆ ಮುರಕಲ್ಲಿನ ಜಾಗದಲ್ಲಿ ಹೊಯ್ಗೆ (ಮರಳು), ಕೆಸರು, ಜೇಡಿ. ಒತ್ತಡದ ಅಲೆ ಒಣ ಶೇಡಿಯಲ್ಲಿ ಸೆಕೆಂಡಿಗೆ 500ರಿಂದ 800 ಮೀಟರ್ ಓಡಿದರೆ, ಗಟ್ಟಿ ಮುರಕಲ್ಲಿನಲ್ಲಿ 1500ರ ಆಸುಪಾಸು, ನೀರು ತುಂಬಿದ ಹೊಯ್ಗೆಯಲ್ಲಿ 1500ರಿಂದ 1800, ಕೊಳೆಯದ ಕಗ್ಗಲ್ಲಿನಲ್ಲಿ 5000ರಿಂದ 6000. ಈ ನಾಲ್ಕು ಅಂಕಿಗಳನ್ನು ಫೀಲ್ಡ್ ಪುಸ್ತಕದ ಮೊದಲ ಪುಟದಲ್ಲೇ ಬರೆದಿಟ್ಟುಕೊಳ್ಳಿ. ಮುಂದಿನ ತಕರಾರುಗಳಲ್ಲಿ ಅರ್ಧಕ್ಕರ್ಧ ಇವುಗಳಿಂದಲೇ ಬಗೆಹರಿಯುತ್ತವೆ.

ಮ್ಯೂನಿಕ್ ನಗರದಲ್ಲಿ 2015-16ರ ಚಳಿಗಾಲದಲ್ಲಿ ಭೂಶಾಖದ ಬಾವಿಗಳಿಗಾಗಿ ಕಂಪಕ ಲಾರಿಗಳನ್ನು ಬೀದಿಬೀದಿಯಲ್ಲಿ ಓಡಿಸಿದರು. ಅಲ್ಲಿ ಎರಡು ಮೂರು ಕಿಲೋಮೀಟರ್ ಆಳದ ಸುಣ್ಣಕಲ್ಲಿನ ಮೇಲೆ ಪದರಪದರವಾಗಿ ಕೆಸರುಕಲ್ಲು ಕೂತಿದೆ, ಪ್ರತಿಫಲನ ಸಲೀಸಾಗಿ ಬರುತ್ತದೆ. ಕ್ಯಾಲಿಫೋರ್ನಿಯಾದ ಲಾಂಗ್ ಬೀಚಿನಲ್ಲಿ 2011ರಲ್ಲಿ ಊರ ತುಂಬ ಐದು ಸಾವಿರಕ್ಕೂ ಹೆಚ್ಚು ಜಿಯೋಫೋನ್ ಇಟ್ಟದ್ದೂ ತೈಲಪದರಗಳ ಮೇಲೆಯೇ. ಅಲ್ಲಿನ ಚಿತ್ರಗಳನ್ನು ನೋಡಿ ಇಲ್ಲಿಯೂ ಹಾಗೇ ಬರಬೇಕು ಎಂದು ಕಾಯುವುದು ತಪ್ಪು. ನಮ್ಮಲ್ಲಿ ಕಗ್ಗಲ್ಲು ಹಲವು ಕಡೆ ಬೋರ್‌ವೆಲ್ ಕೇಸಿಂಗಿನ ಉದ್ದದಲ್ಲೇ ಸಿಕ್ಕಿಬಿಡುತ್ತದೆ. ಅದರೊಳಗೆ ಹುಡುಕುವುದು ಬಿರುಕಿನ ವಲಯಗಳನ್ನು, ಬಂಡೆಯ ಗುಣವನ್ನು. ಸುರಂಗ ಕೊರೆಯುವವರಿಗೆ ಬೇಕಾದದ್ದು ಅದು. ಮಂಗಳೂರಿನ 15 ಲಕ್ಷ ಟನ್ ಮತ್ತು ಉಡುಪಿ ಜಿಲ್ಲೆಯ ಪಾದೂರಿನ 25 ಲಕ್ಷ ಟನ್ ಕಚ್ಚಾತೈಲದ ಗುಹೆಗಳನ್ನು ಕೊರೆದದ್ದೂ ಇದೇ ಜಾತಿಯ ಗಟ್ಟಿ ಬಂಡೆಯಲ್ಲಿ. ಬಂಡೆಯ ಬಿರುಕಿನಲ್ಲಿ ಗೋಡೆಯಂತೆ ನೆಟ್ಟಗೆ ನಿಂತ ಡೊಲೆರೈಟ್ ಕಲ್ಲಿನ ಒಡ್ಡುಗಳು ಪ್ರತಿಫಲನದಲ್ಲಿ ಸರಿಯಾಗಿ ಕಾಣುವುದೇ ಇಲ್ಲ, ಚಿತ್ರದಲ್ಲಿ ಖಾಲಿ ಪಟ್ಟಿಯಾಗಿ ಉಳಿಯುತ್ತವೆ.

ಕಗ್ಗಲ್ಲಿನಲ್ಲಿ ಒಂದು ಸೆಕೆಂಡ್ ಎಂದರೆ ಹೋಗಿಬರುವ ಲೆಕ್ಕದಲ್ಲಿ ಸುಮಾರು ಎರಡೂವರೆಯಿಂದ ಮೂರು ಕಿಲೋಮೀಟರ್ ಆಳ. ಆ ಹೊತ್ತಿನಲ್ಲಿ ಸಪಾಟಾದ, ಚಂದದ ಪದರವೊಂದು ಸಾಲಿನ ಉದ್ದಕ್ಕೂ ಕಂಡರೆ ಸಂತೋಷಪಡುವ ಮೊದಲು ಸಂಶಯಪಡಿ.

ಎಲ್ಲ ಚಾನೆಲಿನಲ್ಲೂ ಗುಂಯ್ ಎನ್ನುವ ಸದ್ದು

ನಗರದ ಕಾಯಿಲೆಗಳಲ್ಲಿ ಇದಕ್ಕೇ ಮೊದಲ ಸ್ಥಾನ. (ಒಂದು ಜಿಯೋಫೋನಿನ ದಾಖಲೆಯೇ ಒಂದು ಚಾನೆಲ್.) ಓವರ್‌ಹೆಡ್ ಲೈನ್, ಟ್ರಾನ್ಸ್‌ಫಾರ್ಮರ್, ನೆಲದಡಿಯ ಕೇಬಲ್, ಪಡೀಲಿನ ಕಡೆ ಹೋದರೆ ರೈಲಿನ 25 ಕಿಲೋವೋಲ್ಟ್ ತಂತಿ, ಎಲ್ಲವೂ 50 ಹರ್ಟ್ಜ್. ನಮಗೆ ಬೇಕಾದ ಪ್ರತಿಫಲನವೂ ಸರಿಸುಮಾರು ಅದೇ ಕಂಪನಾಂಕದಲ್ಲಿ ಬರುವುದು ದುರದೃಷ್ಟ.

ಪೆಟ್ಟು ಕೊಡದೆ ಎರಡು ಸೆಕೆಂಡಿನ ಖಾಲಿ ರೆಕಾರ್ಡ್ ತೆಗೆದು ಅದರ ಕಂಪನಾಂಕ ಪಟ್ಟಿ ನೋಡಿ. ಮೊನೆ ಸರಿಯಾಗಿ 50ರಲ್ಲಿ ನಿಂತಿದ್ದು, 100 ಮತ್ತು 150ರಲ್ಲೂ ಚಿಕ್ಕ ಮೊನೆಗಳಿದ್ದರೆ ಅದು ವಿದ್ಯುತ್ತಿನದ್ದು. 48ರಲ್ಲೋ 24ರಲ್ಲೋ ನಿಂತಿದ್ದರೆ ಅದು ಮೋಟಾರಿನದ್ದು, ನಿಜವಾದ ನೆಲದ ಕಂಪನ. ಬೋರ್‌ವೆಲ್ ಒಳಗಿನ ಎರಡು ಧ್ರುವದ ಸಬ್‌ಮರ್ಸಿಬಲ್ ಪಂಪು ನಿಮಿಷಕ್ಕೆ 3000 ಸುತ್ತುವ ಬದಲು 2880ರ ಹತ್ತಿರ ಸುತ್ತುತ್ತದೆ. 60ರಿಂದ ಭಾಗಿಸಿದರೆ 48. ನಾಲ್ಕು ಧ್ರುವದ್ದಾದರೆ 1440, ಅಂದರೆ 24. ರೆಕಾರ್ಡ್ ಅರ್ಧ ಸೆಕೆಂಡಿಗಿಂತ ಕಡಿಮೆ ಉದ್ದದ್ದಾದರೆ 48 ಮತ್ತು 50 ಬೇರೆಬೇರೆಯಾಗಿ ಕಾಣುವುದಿಲ್ಲ, ಎರಡು ಸೆಕೆಂಡ್ ಎಂದದ್ದು ಅದಕ್ಕೆ. ಮೋಟಾರಿನದ್ದಾದರೆ ಫ್ಲ್ಯಾಟಿನ ವಾಚ್‌ಮನ್ ಅಣ್ಣನ ಹತ್ತಿರ ಅರ್ಧ ಗಂಟೆ ಪಂಪು ನಿಲ್ಲಿಸಿ ಎಂದು ಕೇಳಿಕೊಂಡರೆ ಮುಗಿಯಿತು. ಸಾಫ್ಟ್‌ವೇರಿನಲ್ಲಿ ಅದನ್ನು ತೆಗೆಯಲು ಗುದ್ದಾಡುವುದಕ್ಕಿಂತ ಅದು ಎಷ್ಟೋ ಸುಲಭ.

ವಿದ್ಯುತ್ತಿನದ್ದಾದರೆ ಅದು ಎಲ್ಲಿಂದ ಒಳಬರುತ್ತದೆ ಎಂದು ಹುಡುಕಬೇಕು. ಜೋರಾಗಿ ಗುಂಯ್‌ಗುಡುವ ಚಾನೆಲಿನ ಜಿಯೋಫೋನನ್ನು ಟೇಕ್‌ಔಟಿನಿಂದ (ಕೇಬಲಿನಲ್ಲಿ ಅದನ್ನು ಸಿಕ್ಕಿಸುವ ಜಾಗದಿಂದ) ಕಳಚಿ, ಆ ಜಾಗಕ್ಕೆ ಅಷ್ಟೇ ಓಮ್‌ನ ರೆಸಿಸ್ಟರ್ ಸಿಕ್ಕಿಸಿ. ಸದ್ದು ಉಳಿದರೆ ತಪ್ಪು ಕೇಬಲಿನದ್ದು ಅಥವಾ ರೆಕಾರ್ಡ್ ಮಾಡುವ ಪೆಟ್ಟಿಗೆಯದ್ದು. ಹೋದರೆ ಜಿಯೋಫೋನನ್ನು ಮತ್ತೆ ಸಿಕ್ಕಿಸಿ, ಈಗ ಅದನ್ನು ನೆಲದಿಂದ ಕಿತ್ತು ಒಣ ಮರದ ಹಲಗೆಯ ಮೇಲಿಡಿ. ಸದ್ದು ಇಳಿದರೆ ಸೋರಿಕೆ: ಒದ್ದೆ ಮಣ್ಣಿನಿಂದ ಜಿಯೋಫೋನನ್ನು ನೆಲಕ್ಕೆ ಚುಚ್ಚುವ ಮೊಳೆಯ ಮೂಲಕವೋ ಬಿರುಕು ಬಿಟ್ಟ ಟೇಕ್‌ಔಟ್ ಟೊಪ್ಪಿಯ ಮೂಲಕವೋ ಕರೆಂಟು ಹತ್ತುತ್ತಿದೆ. ಕರಾವಳಿಯಲ್ಲಿ ಉಪ್ಪುಗಾಳಿಗೆ ಟೇಕ್‌ಔಟಿನ ಹಿತ್ತಾಳೆ ಮುಳ್ಳುಗಳು ಬೇಗ ಹಸಿರುಗಟ್ಟುತ್ತವೆ. ಹಳೆಯ ಹಲ್ಲುಜ್ಜುವ ಬ್ರಶ್ಶು ಮತ್ತು ಕಾಂಟ್ಯಾಕ್ಟ್ ಕ್ಲೀನರ್ ಜೊತೆಯಲ್ಲಿರಲಿ. ಹಲಗೆಯ ಮೇಲಿಟ್ಟರೂ ಸದ್ದು ಹಾಗೇ ಇದ್ದರೆ ಕಾಂತಕ್ಷೇತ್ರವೇ ಸುರುಳಿಗೆ ಹೊಡೆಯುತ್ತಿದೆ. ಸಾಲನ್ನು ಟ್ರಾನ್ಸ್‌ಫಾರ್ಮರಿನಿಂದ ದೂರ ಸರಿಸದೆ ಬೇರೆ ಮದ್ದಿಲ್ಲ. ಕೇಬಲನ್ನು ಓವರ್‌ಹೆಡ್ ಲೈನಿಗೆ ಸಮಾನಾಂತರವಾಗಿ ಹಾಸುವುದನ್ನೂ, ಉಳಿದ ಕೇಬಲನ್ನು ಸುರುಳಿ ಸುತ್ತಿ ಕಂಬದ ಬುಡದಲ್ಲಿ ಇಡುವುದನ್ನೂ ಬಿಡಿ.

50 ಹರ್ಟ್ಜನ್ನು ನಾಚ್ ಫಿಲ್ಟರಿನಿಂದ (ಒಂದೇ ಕಂಪನಾಂಕವನ್ನು ತೆಗೆದುಹಾಕುವ ಸೋಸುವಿಕೆಯಿಂದ) ಕತ್ತರಿಸಿದರಾಯಿತಲ್ಲ ಎಂದು ಕೇಳುವವರುಂಟು. ಕತ್ತರಿಸಬಹುದು, ಜೊತೆಗೆ ಪ್ರತಿಫಲನದ ಒಂದು ತುಂಡೂ ಹೋಗುತ್ತದೆ, ಅಂಚುಗಳಲ್ಲಿ ಅಲೆಅಲೆಯಾಗಿ ಹೊಸ ಬಾಲ ಹುಟ್ಟುತ್ತದೆ. ಮೊದಲ ಅಲೆ ಬರುವ ಮುಂಚಿನ ಭಾಗದಿಂದ 50ರ ಎತ್ತರ ಮತ್ತು ಹಂತವನ್ನು ಅಳೆದು, ಅಷ್ಟನ್ನೇ ಇಡೀ ಟ್ರೇಸಿನಿಂದ (ಆ ಚಾನೆಲಿನ ಅಲೆಗೆರೆಯಿಂದ) ಕಳೆಯುವುದು ವಾಸಿ.

ಸತ್ತ ಚಾನೆಲ್, ತಲೆಕೆಳಗಾದ ಚಾನೆಲ್

ಹೆಚ್ಚು ಹೇಳಬೇಕಾಗಿಲ್ಲ. ಬೆಳಿಗ್ಗೆ ಸಾಲು ಹಾಕಿದ ಮೇಲೆ ಒಬ್ಬರು ಪ್ರತಿ ಜಿಯೋಫೋನಿನ ತಲೆಯನ್ನು ಬೆರಳಿನಿಂದ ತಟ್ಟುತ್ತಾ ಹೋಗಲಿ, ಇನ್ನೊಬ್ಬರು ಪರದೆ ನೋಡಲಿ. ಸತ್ತದ್ದು ಅಲ್ಲೇ ಗೊತ್ತಾಗುತ್ತದೆ. ಮಲ್ಟಿಮೀಟರಿನಲ್ಲಿ ಸುರುಳಿಯ ಓಮ್ ಅಳೆಯಿರಿ. ಕೊನೆಯಿಲ್ಲದಷ್ಟು ಬಂದರೆ ತಂತಿ ತುಂಡು, ಸೊನ್ನೆ ಬಂದರೆ ಶಾರ್ಟ್, ಮಾದರಿಯ ಹಾಳೆಯಲ್ಲಿ ಬರೆದ ಕೆಲವು ನೂರು ಓಮ್ ಬಂದರೆ ಸರಿ. ತಂತಿ ತಿರುವುಮುರುವಾಗಿದ್ದರೆ ಮೊದಲ ಅಲೆ ಅಕ್ಕಪಕ್ಕದ ಟ್ರೇಸುಗಳಿಗೆ ವಿರುದ್ಧ ದಿಕ್ಕಿನಲ್ಲಿ ಒದೆಯುತ್ತದೆ. ಒಂದೊಂದಾಗಿ ನೋಡಿದರೆ ಇದು ಚಿಕ್ಕ ತಪ್ಪು. ಆದರೆ ರಿಪೇರಿಗೆ ಹೋಗಿ ಬಂದ ಒಂದು ಕೇಬಲ್ ತುಂಡಿನ ಎಲ್ಲ ಟೇಕ್‌ಔಟುಗಳೂ ತಲೆಕೆಳಗಾಗಿದ್ದರೆ ಸೆಕ್ಷನ್ನಿನಲ್ಲಿ (ನೆಲದಡಿಯ ಸೀಳುಚಿತ್ರದಲ್ಲಿ) ಅಷ್ಟು ದೂರಕ್ಕೆ ಪದರ ಅರ್ಧ ಅಲೆಯಷ್ಟು ಜರುಗಿದಂತೆ ಕಾಣುತ್ತದೆ. ಮೆಟ್ಟಿಲು ಹುಟ್ಟುವ ಅತಿ ಅಗ್ಗದ ವಿಧಾನ ಇದೇ.

ಕಾಂಕ್ರೀಟ್ ರಸ್ತೆ ಮತ್ತು ಇಂಟರ್‌ಲಾಕ್

ಮಂಗಳೂರಿನ ಮುಖ್ಯರಸ್ತೆಗಳಲ್ಲಿ ಹೆಚ್ಚಿನವು ಈಗ ಕಾಂಕ್ರೀಟು, ಬದಿಯಲ್ಲಿ ಇಂಟರ್‌ಲಾಕ್. ಮೊಳೆ ಚುಚ್ಚಲು ಜಾಗವಿಲ್ಲ. ಮೊಳೆ ತೆಗೆದು ಮೂರು ಕಾಲಿನ ತಟ್ಟೆ ಹಾಕಿ ಇಂಟರ್‌ಲಾಕಿನ ಮೇಲಿಟ್ಟರೆ ಇಟ್ಟಿಗೆ ಅಲುಗಾಡಿ, 100 ಹರ್ಟ್ಜಿಗಿಂತ ಮೇಲೆ ಗಿಲಗಿಲ ಎನ್ನುವ ಬಾಲ ಬರುತ್ತದೆ. ಕಾಂಕ್ರೀಟಿನ ಮೇಲಾದರೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಚಿಕ್ಕ ಉಂಡೆಯಿಂದ ಅಂಟಿಸಿ, ಇಂಟರ್‌ಲಾಕಿನಲ್ಲಾದರೆ ಒಂದು ಇಟ್ಟಿಗೆ ಎಬ್ಬಿಸಿ ಕೆಳಗಿನ ಜಲ್ಲಿಪುಡಿಯಲ್ಲಿ ಕೂರಿಸಿ ಮತ್ತೆ ಮುಚ್ಚಿ. ಮುರಕಲ್ಲಿನ ಪಾರೆಯಲ್ಲಾದರೆ ಹ್ಯಾಮರ್ ಡ್ರಿಲ್ಲಿನಿಂದ ತೂತು ಕೊರೆದು ಒದ್ದೆ ಜೇಡಿ ತುಂಬಿ ಮೊಳೆ ಇಳಿಸುವುದೇ ಸರಿ.

ಕಾಂಕ್ರೀಟಿನ ಇನ್ನೊಂದು ಕಿತಾಪತಿಗೆ ಎಚ್ಚರ ಬೇಕು. ರಸ್ತೆಯ ಮೇಲೇ ಪೆಟ್ಟು ಕೊಟ್ಟು ರಸ್ತೆಯ ಮೇಲೇ ಕೇಳಿದರೆ ಮೊದಲ ಅಲೆ ಸೆಕೆಂಡಿಗೆ 3500 ಮೀಟರಿನ ಆಸುಪಾಸಿನಲ್ಲಿ ಓಡಿಬರುತ್ತದೆ. ಬಂಡೆ ಇಲ್ಲೇ ಎರಡು ಮೀಟರಿನಲ್ಲಿದೆ ಎಂದು ಅನಿಸುವುದು ಸಹಜ. ಅದು ಬರೀ ಕಾಂಕ್ರೀಟ್ ಹಾಸು. ಗುರುತು ಹಿಡಿಯುವುದು ಸುಲಭ: ಆ ಅಲೆಯ ಕಂಪನಾಂಕ ತೀರಾ ಹೆಚ್ಚು, ಹತ್ತಿರದ ಕೆಲವು ಚಾನೆಲ್ ದಾಟುವಷ್ಟರಲ್ಲಿ ಸೊರಗುತ್ತದೆ, ಹಾಸಿನ ಜೋಡಣೆ ಬಂದಲ್ಲಿ ತುಂಡಾಗುತ್ತದೆ. ಮೂರು ಮೀಟರ್ ಪಕ್ಕದ ಮಣ್ಣಿನಲ್ಲಿ ಐದಾರು ಜಿಯೋಫೋನ್ ಇಟ್ಟು ಅದೇ ಪೆಟ್ಟನ್ನು ಕೇಳಿದರೆ ಅಲ್ಲಿ ಆ ಅಲೆ ಇರುವುದೇ ಇಲ್ಲ.

ಪೆಟ್ಟು ಹೆಚ್ಚಿಸಿದಷ್ಟೂ ಚಿತ್ರ ಮಂಕು

ಹದಿನಾರು ಪೆಟ್ಟು ಕೂಡಿಸಿದರೆ ಬಸ್ಸು ರಿಕ್ಷಾಗಳ ಗದ್ದಲ ನಾಲ್ಕು ಪಟ್ಟು ತಗ್ಗಬೇಕು, ವರ್ಗಮೂಲದ ಲೆಕ್ಕ. ಅದರ ಬದಲು ಅಲೆಗಳು ದಪ್ಪವಾಗಿ ಮಸುಕಾದರೆ, ಪೆಟ್ಟು ಬಿದ್ದ ಕ್ಷಣವನ್ನು ಯಂತ್ರಕ್ಕೆ ತಿಳಿಸುವ ಟ್ರಿಗ್ಗರ್ ನೋಡಿ. ಸುತ್ತಿಗೆಗೆ ಟೇಪಿನಲ್ಲಿ ಸುತ್ತಿದ ಸ್ವಿಚ್ಚು ಸಡಿಲವಾದರೆ ಸೊನ್ನೆ ಸಮಯ ಪ್ರತಿ ಪೆಟ್ಟಿಗೂ ಎರಡು ಮೂರು ಮಿಲಿಸೆಕೆಂಡ್ ಆಚೀಚೆ ಆಗುತ್ತದೆ. 100 ಹರ್ಟ್ಜ್ ಅಲೆಗೆ ಹತ್ತು ಮಿಲಿಸೆಕೆಂಡೇ ಇಡೀ ಸುತ್ತು, ಅಷ್ಟು ತಪ್ಪಿದರೆ ಅದು ಉಳಿಯುವುದಿಲ್ಲ. ಸುತ್ತಿಗೆ ಬಡಿಯುವ ತಟ್ಟೆಯಿಂದ ಒಂದು ಮೀಟರ್ ದೂರದಲ್ಲಿ ಒಂದು ಜಿಯೋಫೋನ್ ಖಾಯಂ ಇರಲಿ, ಅದರ ಮೊದಲ ಒದೆತ ಪ್ರತಿ ಪೆಟ್ಟಿಗೂ ಒಂದೇ ಸಮಯಕ್ಕೆ ಬರಬೇಕು. ಪೆಟ್ಟುಗಳನ್ನು ಕೂಡಿಸಿದ ಮೇಲೆ ಬಿಡಿಸಲಾಗದು, ಹಾಗಾಗಿ ಒಂದೊಂದನ್ನೂ ಬೇರೆಬೇರೆ ಉಳಿಸಿಕೊಳ್ಳಿ. ಬಸ್ಸು ಪಕ್ಕದಲ್ಲೇ ಹಾದಾಗಿನ ಒಂದು ಹಾಳು ರೆಕಾರ್ಡನ್ನು ತೆಗೆದುಹಾಕುವುದಕ್ಕೂ ಅದೇ ದಾರಿ.

ಕೇಬಲಿಲ್ಲದ ನೋಡ್‌ಗಳನ್ನು ಇಟ್ಟವರಿಗೆ ಟ್ರಿಗ್ಗರ್ ಬದಲು ಗಡಿಯಾರದ ತೊಂದರೆ. ಪಂಪ್‌ವೆಲ್ ಮೇಲ್ಸೇತುವೆಯಡಿ, ಎತ್ತರದ ಕಟ್ಟಡಗಳ ಸಂದಿಯಲ್ಲಿ ಜಿಪಿಎಸ್ ಹಿಡಿಯದೆ ಗಡಿಯಾರ ಮೆಲ್ಲಗೆ ಜಾರುತ್ತದೆ. ಇಡುವಾಗ ಮತ್ತು ಎತ್ತುವಾಗ ಬಯಲಿನಲ್ಲಿ ಸಮಯ ಹಿಡಿಸಿಕೊಂಡಿದ್ದರೆ ಎರಡರ ನಡುವಿನ ಜಾರಿಕೆಯನ್ನು ಸಮವಾಗಿ ಹಂಚಿ ತಿದ್ದಬಹುದು.

ಓರೆ ಗೆರೆಗಳು

ಸೆಕೆಂಡಿಗೆ 350 ಮೀಟರಿನ ಚೂಪು ಗೆರೆ ಗಾಳಿಯಲ್ಲಿ ಬಂದ ಸುತ್ತಿಗೆಯ ಸದ್ದು. ಪುಸ್ತಕಗಳಲ್ಲಿ 330, 340 ಎಂದಿರುತ್ತದೆ. ನಮ್ಮ 30 ಡಿಗ್ರಿ ಸೆಕೆಗೆ 349 ಆಗುತ್ತದೆ. ಸಾಲಿನ ಪಕ್ಕದಲ್ಲಿ ಉದ್ದದ ಕಂಪೌಂಡ್ ಗೋಡೆ ಇದ್ದರೆ ಅದೇ ಸದ್ದು ಬಡಿದು ತಿರುಗಿ ಬಂದು ಬಾಗಿದ ಗೆರೆಯಾಗುತ್ತದೆ, ನೋಡಲು ಥೇಟ್ ಪ್ರತಿಫಲನ. ವೇಗ ಹೊಂದಿಸಿ ನೋಡಿದರೆ ಮತ್ತದೇ 350. ನೆಲದ ಮೇಲ್ಮೈಯಲ್ಲಿ ಉರುಳಿ ಬರುವ ನಿಧಾನದ ಅಲೆ ಹಾಗಲ್ಲ, ಅದನ್ನು ಮುಂದೆ ತೆಗೆಯಬೇಕಾದರೆ ಈಗಲೇ ಜಿಯೋಫೋನುಗಳ ಅಂತರ ಚಿಕ್ಕದಿರಬೇಕು. ಆ ಅಲೆ ಸೆಕೆಂಡಿಗೆ 250 ಮೀಟರ್, 15 ಹರ್ಟ್ಜ್ ಆದರೆ ಅಂತರ 8 ಮೀಟರ್ ಮೀರಬಾರದು. ಐದು ಮೀಟರ್ ಇಟ್ಟರೆ ನಿದ್ದೆ ಚೆನ್ನಾಗಿ ಬರುತ್ತದೆ.

ಒಂದೇ ಪದರ ಸಮ ಅಂತರದಲ್ಲಿ ಮತ್ತೆ ಮತ್ತೆ

ಕೂಳೂರು, ಬೆಂಗ್ರೆ, ಉಳ್ಳಾಲದ ಹೊಯ್ಗೆ ನೆಲದಲ್ಲಿ ಇದು ಖಂಡಿತ ಎದುರಾಗುತ್ತದೆ. ನೀರು ತುಂಬಿದ ಹೊಯ್ಗೆಯಡಿ ನೇರ ಕಗ್ಗಲ್ಲು ಇದ್ದರೆ ಮೇಲಿನಿಂದ ಬಂದ ಅಲೆಯ ಎತ್ತರದಲ್ಲಿ ನೂರಕ್ಕೆ ಅರುವತ್ತರಷ್ಟು ವಾಪಸು ಚಿಮ್ಮುತ್ತದೆ. ನೆಲದ ಮೇಲ್ಮೈ ಅದನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಕೆಳಕ್ಕೆ ತಳ್ಳುತ್ತದೆ. ಬಾವಿಯೊಳಗೆ ಕೂಗಿದ ಹಾಗೆ ಒಂದೇ ಮಾತು ನಾಲ್ಕು ಸಲ ಕೇಳುತ್ತದೆ. ಹೊಯ್ಗೆ 25 ಮೀಟರ್ ದಪ್ಪ, ವೇಗ 1700 ಆದರೆ ಪ್ರತಿ 29 ಮಿಲಿಸೆಕೆಂಡಿಗೆ ಒಂದು ಪ್ರತಿಧ್ವನಿ, ಪ್ರತಿಸಲ ಮೇಲುಕೆಳಗಾಗಿ.

ಪರೀಕ್ಷೆ ವೇಗದ್ದು. ನಿಜವಾಗಿ ಕಗ್ಗಲ್ಲಿನ ಆಳಕ್ಕೆ ಹೋಗಿಬಂದ ಅಲೆಯ ಬಾಗನ್ನು ನೇರ ಮಾಡಲು ಬೇಕಾಗುವ ವೇಗ ಕೆಳಕೆಳಗೆ ಏರುತ್ತಾ ಹೋಗಬೇಕು. ಪ್ರತಿಧ್ವನಿಗೆ ಎಷ್ಟು ತಡವಾಗಿ ಬಂದರೂ ಅದೇ 1700 ಸಾಕಾಗುತ್ತದೆ. ಈ ಪರೀಕ್ಷೆಗೆ ಸಾಲು ಉದ್ದವಿರಬೇಕು. ಪೆಟ್ಟಿನಿಂದ ಕೊನೆಯ ಜಿಯೋಫೋನಿಗೆ ಇರುವ ದೂರ ನೋಡಬೇಕಾದ ಆಳಕ್ಕಿಂತ ತೀರಾ ಕಡಿಮೆಯಾದರೆ 1700ಕ್ಕೂ 4000ಕ್ಕೂ ವ್ಯತ್ಯಾಸವೇ ತಿಳಿಯದು. ನಗರದಲ್ಲಿ ಅಷ್ಟುದ್ದ ನೇರ ಜಾಗ ಸಿಗುವುದು ಕಷ್ಟ ನಿಜ. ರಾತ್ರಿ ಹೊತ್ತು ಹೆದ್ದಾರಿಯ ಸರ್ವಿಸ್ ರಸ್ತೆಗೆ ಅನುಮತಿ ಕೇಳುವುದು ಅದಕ್ಕೆ.

ಪದವಿನಡಿಯ ಮೆಟ್ಟಿಲು

ಈಗ ಮುಖ್ಯ ರೋಗ. ಪದವಿನ ಮೇಲೆ ಗಟ್ಟಿ ಮುರಕಲ್ಲು, ಅದರಡಿ ಮೆತ್ತಗಿನ ಶೇಡಿ. ಮೇಲೆ ವೇಗ ಹೆಚ್ಚು, ಕೆಳಗೆ ಕಡಿಮೆ, ಮತ್ತೂ ಕೆಳಗೆ ತುಂಬ ಹೆಚ್ಚು. ಮೇಲ್ಪದರದ ತಡವನ್ನು ತಿದ್ದಲು ನಾವು ಬಳಸುವುದು ವಕ್ರೀಭವನದ ಮೊದಲ ಅಲೆಗಳನ್ನು, ಅಂದರೆ ಕೆಳಗಿನ ವೇಗದ ಪದರದಲ್ಲಿ ಬಾಗಿ ಓಡಿ ಮೊದಲು ಮೇಲೆ ಬರುವ ಅಲೆಗಳನ್ನು. ವೇಗ ಕಡಿಮೆಯಾಗುವ ಪದರದಿಂದ ಅಂಥ ಅಲೆ ಮೇಲಕ್ಕೆ ಬರುವುದೇ ಇಲ್ಲ. ಹೀಗಾಗಿ ಶೇಡಿ ಪೂರ್ತಿ ಅಡಗಿ ಕೂರುತ್ತದೆ, ಸಾಫ್ಟ್‌ವೇರು ಕಗ್ಗಲ್ಲಿನ ತನಕವೂ ಮುರಕಲ್ಲೇ ಎಂದುಕೊಳ್ಳುತ್ತದೆ.

ಎಷ್ಟು ತಪ್ಪುತ್ತದೆ ಎಂದು ಒಂದು ಲೆಕ್ಕ ಹಾಕೋಣ. ಮುರಕಲ್ಲು 6 ಮೀಟರ್, ವೇಗ 1500. ಶೇಡಿ 15 ಮೀಟರ್, ವೇಗ 600. ಅದರಡಿ 5000ದ ಕಗ್ಗಲ್ಲು. ನಿಜವಾದ ಆಳ 21 ಮೀಟರ್. ಅಲೆ ನೇರ ಕೆಳಗಿಳಿಯಲು ಮುರಕಲ್ಲಿನಲ್ಲಿ 4, ಶೇಡಿಯಲ್ಲಿ 25, ಒಟ್ಟು 29 ಮಿಲಿಸೆಕೆಂಡ್. ವಕ್ರೀಭವನದಲ್ಲಿ ಇದು ಸುಮಾರು 57 ಮಿಲಿಸೆಕೆಂಡಿನ ತಡವಾಗಿ ಕಾಣುತ್ತದೆ. ಎಲ್ಲವೂ 1500 ಎಂದು ಹಿಡಿದು ಬಿಡಿಸಿದರೆ ಬಂಡೆಯ ಆಳ 45 ಮೀಟರ್! ಇಲ್ಲದ ಹೊಂಡವೊಂದು ಪದವಿನಡಿ ತೆರೆದುಕೊಂಡಿತು. ಆ 45 ಮೀಟರನ್ನು ತೆಗೆದು ಕಗ್ಗಲ್ಲಿನ ವೇಗ ತುಂಬಿಸಿ ತಿದ್ದುಪಡಿ ಮಾಡಿದರೆ ಪ್ರತಿ ಸ್ಥಾನದಲ್ಲೂ ಸುಮಾರು 4 ಮಿಲಿಸೆಕೆಂಡ್ ಕಡಿಮೆ ತಿದ್ದಿದ ಹಾಗಾಯಿತು. ಪೆಟ್ಟಿನ ಕಡೆಯದ್ದೂ ಜಿಯೋಫೋನಿನ ಕಡೆಯದ್ದೂ ಸೇರಿ 8. ಕಗ್ಗಲ್ಲಿನ ವೇಗದಲ್ಲಿ ಇದು ಸುಮಾರು 20 ಮೀಟರ್ ಎತ್ತರದ ಮೆಟ್ಟಿಲು. ಇಳಿಜಾರಿನ ಕೆಳಗೆ, ಹೊಳೆಬದಿಯ ನೀರು ತುಂಬಿದ ನೆಲದಲ್ಲಿ ಈ ತಪ್ಪು ಇಲ್ಲ. ಹಾಗಾಗಿ ಮುರಕಲ್ಲು ಮುಗಿಯುವ ಜಾಗದಲ್ಲೇ ಬಂಡೆ ಕತ್ತರಿಸಿದಂತೆ ಕಾಣುತ್ತದೆ.

ಇದನ್ನು ಹಿಡಿಯಲು ಮೊದಲು ಮನೆಗಳ ಬಾಗಿಲು ತಟ್ಟಿ. ಬೋರ್‌ವೆಲ್ ಕೊರೆಯುವಾಗ ಮೆತ್ತಗಿನ ಮಣ್ಣು ಮುಗಿದು ಗಟ್ಟಿ ಬಂಡೆ ಹತ್ತುವ ತನಕ ಕೇಸಿಂಗ್ ಪೈಪು ಇಳಿಸುತ್ತಾರೆ. ಅಂದರೆ ಕೇಸಿಂಗಿನ ಉದ್ದವೇ ಬಂಡೆಯ ಆಳ, ಮತ್ತು ಅದು ಮನೆಯವರಿಗೆ ಬಾಯಿಪಾಠ.

"ಕೇಸಿಂಗ್ ಎಷ್ಟು ಇಳೀತು ಅಮ್ಮ, ನೆನಪುಂಟಾ?"

"ಎಪ್ಪತ್ತು ಅಡಿ. ಅಡಿಗೆ ಇಷ್ಟು ಅಂತ ಲೆಕ್ಕ ಮಾಡಿ ದುಡ್ಡು ತಕ್ಕೊಂಡಿದ್ದಾರಲ್ಲ, ಮರೆಯುದು ಹೇಗೆ?"

ಎಪ್ಪತ್ತು ಅಡಿ ಎಂದರೆ 21 ಮೀಟರ್. ನಿಮ್ಮ ಸಾಫ್ಟ್‌ವೇರು ಅಲ್ಲೇ 45 ಮೀಟರ್, ಅಂದರೆ ಸುಮಾರು 150 ಅಡಿ ಎನ್ನುತ್ತಿದ್ದರೆ ರೋಗ ಗೊತ್ತಾಯಿತು. ಸಾಲಿನ ಉದ್ದಕ್ಕೂ ಇಂಥ ಏಳೆಂಟು ಮನೆಗಳ ಲೆಕ್ಕ ಸಿಕ್ಕಿದರೆ ದುಬಾರಿ ಕೊರೆತದ ಅರ್ಧ ಕೆಲಸ ಪುಕ್ಕಟೆ ಆಯಿತು. ಯಾರಾದರೂ ಒಬ್ಬರು ತಪ್ಪು ಹೇಳಿಯಾರು, ಏಳೆಂಟು ಜನ ಒಂದೇ ತಪ್ಪು ಹೇಳಲಾರರು.

ತೋಡಿದ ಬಾವಿಯೂ ಅಷ್ಟೇ ಉಪಯೋಗದ್ದು. ಪದವಿನ ಹಳೆಯ ಬಾವಿಗೆ ಇಣುಕಿದರೆ ಮೇಲೆ ಕೆಂಪು ಗೋಡೆ, ಪಿಕ್ಕಾಸಿನ ಗುರುತು ಇನ್ನೂ ಉಳಿದಿರುತ್ತದೆ. ಒಂದು ಮಟ್ಟದಲ್ಲಿ ಕೆಂಪು ನಿಂತು ಬೂದು ಬಿಳುಪು ಶುರು, ಅಲ್ಲಿಂದ ಕೆಳಗೆ ಕಟ್ಟಿದ ಕಲ್ಲೋ ಸಿಮೆಂಟಿನ ರಿಂಗೋ ಇರುತ್ತದೆ, ಶೇಡಿ ಕುಸಿಯುತ್ತದೆಂದು. ತೂಕ ಕಟ್ಟಿದ ಟೇಪು ಇಳಿಬಿಟ್ಟರೆ ಮುರಕಲ್ಲಿನ ದಪ್ಪ ಅಲ್ಲೇ ಸಿಗುತ್ತದೆ. ಶೇಡಿಯ ವೇಗ ತಿಳಿಯಲು, ಬಳಕೆಯಲ್ಲಿಲ್ಲದ ಬೋರ್‌ವೆಲ್ ಒಂದು ಬೇಕು. ನೀರಿನೊಳಗೆ ಹೈಡ್ರೋಫೋನನ್ನು (ನೀರಿನಲ್ಲಿ ಅಲೆ ಕೇಳುವ ಸಾಧನವನ್ನು), ನೀರಿಗಿಂತ ಮೇಲೆ ಗೋಡೆಗೆ ಒತ್ತಿ ಹಿಡಿಯುವ ಜಿಯೋಫೋನನ್ನು ಮೀಟರ್ ಮೀಟರಿಗೆ ಇಳಿಸುತ್ತಾ ಬಾಯಿಯ ಹತ್ತಿರ ಪೆಟ್ಟು ಕೊಟ್ಟರೆ ಸಮಯದ ಗೆರೆ ಸಿಗುತ್ತದೆ. ಕಬ್ಬಿಣದ ಕೇಸಿಂಗಿನಲ್ಲಿ ಅಲೆ ಪೈಪಿನ ಮೂಲಕವೇ ಇಳಿದು ಮೋಸ ಮಾಡೀತು. ಪಿವಿಸಿ ಇರುವ ಕೊಳವೆ ಆರಿಸಿ.

ಕೊರೆದ ತೂತೇ ಸಿಗದ ಕಡೆ ಮೇಲ್ಮೈ ಅಲೆ ಸಹಾಯಕ್ಕೆ ಬರುತ್ತದೆ. ಓರೆ ಗೆರೆ ಎಂದು ಬಯ್ದು ಕತ್ತರಿಸುವ ಆ ಅಲೆಗೆ ಮೆತ್ತಗಿನ ಪದರ ಅಡಗಿಸಿಡಲು ಬರುವುದಿಲ್ಲ. ಬೇರೆಬೇರೆ ಕಂಪನಾಂಕದಲ್ಲಿ ಅದರ ವೇಗ ಅಳೆದರೆ ಮುರಕಲ್ಲಿನಡಿ ವೇಗ ಇಳಿಯುವುದು ಕಾಣುತ್ತದೆ. 10 ಹರ್ಟ್ಜಿನ ಬದಲು 4.5 ಹರ್ಟ್ಜಿನ ಜಿಯೋಫೋನ್ ಇದ್ದರೆ ಇನ್ನಷ್ಟು ಆಳ ಸಿಗುತ್ತದೆ, ಆದರೆ ಅವು ಸ್ವಲ್ಪ ವಾಲಿದರೂ ಮುನಿಸಿಕೊಳ್ಳುತ್ತವೆ, ಗುಳ್ಳೆ ನೋಡಿ ನೆಟ್ಟಗೆ ನಿಲ್ಲಿಸಿ.

ಇವೆಲ್ಲ ಆಗುವ ಮುಂಚೆಯೇ ಕಚೇರಿಯಲ್ಲಿ ಕೂತು ಮಾಡಬಹುದಾದ ಪರೀಕ್ಷೆ ಒಂದುಂಟು, ಅದನ್ನು ಯಾಕೋ ಹೆಚ್ಚಿನವರು ಮಾಡುವುದಿಲ್ಲ. ಅದೇ ದತ್ತಾಂಶವನ್ನು ಎರಡು ರೀತಿ ಜೋಡಿಸಿ: ಒಮ್ಮೆ ಜಿಯೋಫೋನಿನ ಸ್ಥಾನದ ಪ್ರಕಾರ ಕೂಡಿಸಿ, ಇನ್ನೊಮ್ಮೆ ಪೆಟ್ಟಿನ ಸ್ಥಾನದ ಪ್ರಕಾರ. ಮೇಲ್ಪದರದ ತಪ್ಪು ನೆಲದ ಸ್ಥಾನಕ್ಕೆ ಅಂಟಿಕೊಂಡಿರುತ್ತದೆ. ಎರಡೂ ಚಿತ್ರಗಳಲ್ಲಿ ಮುರಕಲ್ಲು ಮುಗಿಯುವ ಅದೇ ಜಾಗದಲ್ಲಿ, ಹತ್ತಿರದ ಪೆಟ್ಟಿಗೂ ದೂರದ ಪೆಟ್ಟಿಗೂ ಅಷ್ಟೇ ಮಿಲಿಸೆಕೆಂಡಿನ ಜಿಗಿತ. ಬಂಡೆಯಲ್ಲಿರುವ ಮೆಟ್ಟಿಲು ಪೆಟ್ಟಿಗೂ ಜಿಯೋಫೋನಿಗೂ ನಡುಮಧ್ಯದ ಬಿಂದುವಿಗೆ ಅಂಟಿಕೊಂಡಿರುತ್ತದೆ. ದೂರ ಹೆಚ್ಚಿಸಿದ ಹಾಗೆ ಈ ಚಿತ್ರಗಳಲ್ಲಿ ಅದು ಜಾಗ ಬದಲಿಸುತ್ತದೆ. ಜೊತೆಗೆ ಮೇಲಿನಿಂದ ಕೆಳಗಿನ ತನಕ ಇರುವ ಎಲ್ಲ ಪ್ರತಿಫಲನಗಳೂ ಒಂದೇ ಅಳತೆಯಲ್ಲಿ ಜರುಗಿದ್ದರೆ ಮೇಲ್ಪದರವನ್ನೇ ಹಿಡಿಯಿರಿ. ನಿಜವಾದ ಸ್ತರಭಂಗ ಸಾಮಾನ್ಯವಾಗಿ ಓರೆಯಾಗಿ ಇಳಿಯುತ್ತದೆ, ಕತ್ತರಿಸಿದ ತುದಿಯಿಂದ ಕೊಡೆಯಾಕಾರದ ಚದುರಿಕೆ ಹೊಮ್ಮುತ್ತದೆ. ನೆಲದ ಮೇಲಿನ ಇಳಿಜಾರಿನ ನೇರ ಕೆಳಗೇ ನೆಟ್ಟಗೆ ನಿಂತು, ಚದುರಿಕೆಯೂ ಇಲ್ಲದ ಮೆಟ್ಟಿಲನ್ನು ನಾನಂತೂ ವರದಿಗೆ ಹತ್ತಿಸುವುದಿಲ್ಲ.

ಎರಡು ರೇಖೆ ಕೂಡುವಲ್ಲಿ ಪದರ ಹೊಂದುವುದಿಲ್ಲ

ಒಂದು ರೇಖೆ ಡಿಸೆಂಬರಿನದ್ದು, ಇನ್ನೊಂದು ಮೇ ತಿಂಗಳಿನದ್ದೇ ಎಂದು ಮೊದಲು ಕೇಳಿ. ಮಳೆ ನಿಂತ ಹೊಸತರಲ್ಲಿ ಪದವಿನ ಬಾವಿಗಳಲ್ಲಿ ನೀರು ಮೇಲಿರುತ್ತದೆ, ಮೇ ಕೊನೆಗೆ ತಳ ಕಾಣುತ್ತದೆ. ನೀರು 6 ಮೀಟರ್ ಇಳಿದು, ಅಷ್ಟು ದಪ್ಪದ ಮಣ್ಣಿನ ವೇಗ 1600ರಿಂದ 700ಕ್ಕೆ ಬಿದ್ದರೆ ಒಂದು ಕಡೆಗೆ ಸುಮಾರು 5 ಮಿಲಿಸೆಕೆಂಡ್, ಎರಡೂ ಕಡೆ ಸೇರಿ 10ರ ಹತ್ತಿರ. ಬಂಡೆ 25 ಮೀಟರ್ ಕುಸಿದಂತೆ ಕಾಣಲು ಇಷ್ಟು ಸಾಕು. ಪ್ರತಿ ಕಂತಿನ ಕೆಲಸದಲ್ಲೂ ಸಾಲಿನ ಪಕ್ಕದ ಅದೇ ಬಾವಿಗಳ ನೀರಿನ ಮಟ್ಟ ಬರೆದಿಟ್ಟರೆ ತಿದ್ದುವುದು ಕಷ್ಟವಲ್ಲ. ಮಳೆಗಾಲದಲ್ಲಿ ಹೇಗೂ ಕೆಲಸ ಬೇಡ. ಹನಿ ಬೀಳುವ ಸದ್ದು, ಗಾಳಿಗೆ ಅಲುಗುವ ತೆಂಗಿನ ಬೇರು, ಕಡಲಬ್ಬರ ಎಲ್ಲ ಸೇರಿ ಜಿಯೋಫೋನ್ ಸುಮ್ಮನಿರುವುದಿಲ್ಲ.

ಕಾಲ ಒಂದೇ ಆಗಿದ್ದರೆ ಎತ್ತರದ ಪಟ್ಟಿ ನೋಡಿ. ಜಿಪಿಎಸ್ ನೇರವಾಗಿ ಕೊಡುವ ಎತ್ತರ ಸಮುದ್ರಮಟ್ಟದಿಂದ ಅಳೆದದ್ದಲ್ಲ. ಪಣಂಬೂರು ಬೀಚಿನಲ್ಲಿ ನೀರಂಚಿಗೆ ನಿಂತರೂ ಅದು ಹತ್ತಾರು ಮೀಟರ್ ಮೈನಸ್ ತೋರಿಸುತ್ತದೆ. ಒಂದು ತಂಡ ಅದನ್ನೂ ಇನ್ನೊಂದು ತಂಡ ಸಮುದ್ರಮಟ್ಟದಿಂದ ಅಳೆದ ಲೆವೆಲಿಂಗಿನ ಎತ್ತರವನ್ನೂ ಕೊಟ್ಟಿದ್ದರೆ ವ್ಯತ್ಯಾಸ ರೇಖೆಯ ಉದ್ದಕ್ಕೂ ಒಂದೇ ಅಳತೆಯಲ್ಲಿರುತ್ತದೆ, ಗುರುತಿಸಲು ಸುಲಭ. ಒಂದೇ ರೇಖೆಯ ಅರ್ಧದಲ್ಲಿ ಬದಲಾಗಿದ್ದರೆ ಮಾತ್ರ ತಲೆನೋವು.

ಇಷ್ಟಾದ ಮೇಲೂ ಮೆಟ್ಟಿಲು ಉಳಿದರೆ

ಕೇಬಲ್ ಸರಿ, ಸೊನ್ನೆ ಸಮಯ ಸರಿ, ಕೇಸಿಂಗಿನ ಲೆಕ್ಕಕ್ಕೆ ಮೇಲ್ಪದರ ಹೊಂದಿದೆ, ಎತ್ತರ ಒಂದೇ ಮಟ್ಟದಿಂದ ಅಳೆದದ್ದು, ಮೆಟ್ಟಿಲು ನಡುಬಿಂದುವಿಗೇ ಅಂಟಿಕೊಂಡಿದೆ. ಆಗಲೂ ಒಂದೇ ರೇಖೆ ನೋಡಿ ಅದರ ದಿಕ್ಕು ಹೇಳಲು ಬರುವುದಿಲ್ಲ. ಮೊದಲ ರೇಖೆಗೆ ಹೆಚ್ಚುಕಡಿಮೆ ಸಮಾನಾಂತರವಾಗಿ, ಕೆಲವು ನೂರು ಮೀಟರ್ ಆಚೆ ಇನ್ನೊಂದು ರೇಖೆ ಹಾಕಿ. ಅದೂ ಇಳಿಜಾರನ್ನು ದಾಟಲಿ, ಆದರೆ ಇಳಿಜಾರು ಬೇರೆ ಜಾಗದಲ್ಲಿ ಬರುವಂತಿರಲಿ. ಎರಡನ್ನೂ ಕೂಡಿಸುವ ಅಡ್ಡರೇಖೆಯೊಂದು ಪದವಿನ ಮೇಲೇ ಪೂರ್ತಿ ಉಳಿಯಲಿ. ಮೆಟ್ಟಿಲು ಇಳಿಜಾರನ್ನು ಬಿಟ್ಟು ತನ್ನದೇ ದಿಕ್ಕಿನಲ್ಲಿ ಹೊರಟರೆ ಆ ಗೆರೆಯ ಮೇಲೆ ಬರುವ ಬೋರ್‌ವೆಲ್‌ಗಳಲ್ಲಿ ಯಾವುದಕ್ಕೆ ಎಷ್ಟು ನೀರು ಸಿಕ್ಕಿತು ಎಂದು ಮತ್ತೊಂದು ಸುತ್ತು ಮನೆಮನೆ ಕೇಳಿ. ಬಿರುಕಿನ ವಲಯವಾದರೆ ಅಲ್ಲಿನ ನೀರು ಅಕ್ಕಪಕ್ಕದ್ದಕ್ಕಿಂತ ಬೇರೆಯಾಗಿರುತ್ತದೆ. ಆಮೇಲೆ ಒಂದು ಕೋರ್ ಕೊರೆತಕ್ಕೆ (ಬಂಡೆಯ ತುಂಡನ್ನೇ ಇಡಿಯಾಗಿ ಹೊರತೆಗೆಯುವ ಕೊರೆತಕ್ಕೆ) ಜಾಗ ಗುರುತಿಸಿ, ಗೆರೆಯ ನೇರ ಮೇಲೆ ಬೇಡ, ಅದು ವಾಲಿದ ಕಡೆಗೆ ಸ್ವಲ್ಪ ಸರಿಸಿ. ಸೆಕ್ಷನ್ನಿನಲ್ಲಿ ಕಂಡ ಆಳದಲ್ಲೇ ಕೊರೆತ ಬಿರುಕನ್ನು ಸಂಧಿಸಬೇಕು.